ಮಗಳ ಸ್ಟೀರಾಯ್ಡ್ ನಿಂತಿತು, ನಿಮಗೆಲ್ಲ ಥ್ಯಾಂಕ್ಸ್

ಈ ಸೋಮವಾರ ಡಾಕ್ಟರು ಮಗಳ ಸ್ಟೀರಾಯ್ಡ್ ಮಾತ್ರೆಯನ್ನು ಪೂರ್ತಿ ನಿಲ್ಲಿಸಿದರು. ಸ್ವಲ್ಪ ಸ್ವಲ್ಪವೇ ಇಳಿಸುತ್ತ ಬಂದು, ಅಂತೂ ಮುಗೀತು. ಬೆಟಗೇರಿಯಲ್ಲಿ ಎದುರು ಸಿಕ್ಕವರೆಲ್ಲ "ಕೂಸು ಹೆಂಗೈತ್ರಿ?" ಅಂತ ಕೇಳುತ್ತಿದ್ದೀರಿ. ಅದಕ್ಕೇ ಈ ಬರಹ.

ಅವಳಿಗೆ ಬಂದದ್ದು ಸ್ಟಿಲ್ ಕಾಯಿಲೆ. ಮಕ್ಕಳಿಗೆ ಬರುವ ಸಂಧಿವಾತದಲ್ಲಿ ಇದೊಂದು ಬಗೆ. ಲಂಡನ್ನಿನ ಡಾಕ್ಟರ್ ಜಾರ್ಜ್ ಸ್ಟಿಲ್ 1897ರಲ್ಲೇ ಕೀಲು ಬಾತ 22 ಮಕ್ಕಳ ಬಗ್ಗೆ ಬರೆದಿದ್ದರಂತೆ. ಇದು ದಡಾರ ಅಲ್ಲ, ಯಾರಿಗೂ ಅಂಟುವುದಿಲ್ಲ. ಮೈ ಕಾಯಬೇಕಾದ ಶಕ್ತಿಯೇ ಕಾರಣವಿಲ್ಲದೆ ರೊಚ್ಚಿಗೇಳುತ್ತದೆ.

ಮೊದಲ ಥ್ಯಾಂಕ್ಸ್ ನಮ್ಮ ಮಾವನವರಿಗೆ. ಸಂಜೆಯಾದರೆ ಜ್ವರ 103, 104 ಮುಟ್ಟುತ್ತಿತ್ತು. ಜೊತೆಗೇ ಹೊಟ್ಟೆ, ತೊಡೆ ಮೇಲೆ ತಿಳಿಗೆಂಪು ಮಚ್ಚೆ ಏಳುತ್ತಿತ್ತು. ಬೆಳಗ್ಗೆ ಆಸ್ಪತ್ರೆ ಮುಟ್ಟುವಷ್ಟರಲ್ಲಿ ಜ್ವರವೂ ಇಲ್ಲ, ಮಚ್ಚೆಯೂ ಇಲ್ಲ! ಒಂದು ಕಡೆ "ವೈರಲ್ ಜ್ವರ, ತಾಯಿ ಸುಮ್ನೆ ಹೆದರ್‍ಯಾಳ" ಅಂತ ಕಳಿಸಿಯೇಬಿಟ್ಟರು. ಮಾವ ಅರಳೆ ಅಂಗಡಿಯಲ್ಲಿ ಲೆಕ್ಕ ಬರೆದವರು. ಹಳೇ ಖಾತೆ ಪುಸ್ತಕದಲ್ಲಿ ಗೆರೆ ಎಳೆದು, ಜ್ವರ ಎಷ್ಟು, ಎಷ್ಟು ಗಂಟೆಗೆ, ಮಚ್ಚೆ ಎಲ್ಲಿ, ಯಾವ ಕೀಲು ಬಾತಿದೆ ಅಂತ ದಿನಾ ಬರೆದರು. ನಾವು ಸಂಜೆ ಫೋಟೋ ತೆಗೆದಿಟ್ಟೆವು. ಹುಬ್ಬಳ್ಳಿಯ ಮಕ್ಕಳ ಡಾಕ್ಟರು ರಕ್ತದ ರಿಪೋರ್ಟಿಗಿಂತ ಜಾಸ್ತಿ ಹೊತ್ತು ನೋಡಿದ್ದು ಆ ಪುಟಗಳನ್ನೇ.

ಆ ಡಾಕ್ಟರು ಅವಸರ ಮಾಡಲಿಲ್ಲ. ಈ ಕಾಯಿಲೆಗೆ ಇದೇ ಅಂತ ಒಂದು ಟೆಸ್ಟ್ ಇಲ್ಲ. ಮೈಯಲ್ಲಿ ಉರಿಯೂತ ಇದೆಯೇ ಅಂತ ತೋರಿಸುವ ರಕ್ತದ ಅಂಶಗಳು, ಇಎಸ್ಆರ್, ಸಿಆರ್‌ಪಿ, ಫೆರಿಟಿನ್ ಎಲ್ಲ ಏರಿದ್ದವು. ಆದರೂ ಸ್ಟೀರಾಯ್ಡ್ ಕೊಡುವ ಮೊದಲು ಎಲುಬಿನ ಮಜ್ಜೆ ಪರೀಕ್ಷೆ ಮಾಡಿಸಿದರು. ರಕ್ತದ ಕ್ಯಾನ್ಸರ್ ಇದ್ದರೆ ಸ್ಟೀರಾಯ್ಡ್ ಅದನ್ನು ಮುಚ್ಚಿಬಿಡುತ್ತದಂತೆ. ಆ ರಿಪೋರ್ಟ್ ಬರುವ ತನಕ ಒಲೆ ಹಚ್ಚಲಿಕ್ಕೂ ಮನಸ್ಸಿರಲಿಲ್ಲ. ರೊಟ್ಟಿ, ಪಲ್ಲೆ ಕಳಿಸಿದ ಓಣಿಯ ಅಕ್ಕಂದಿರಿಗೆ ನಾನು ಏನು ಹೇಳಲಿ?

ಸ್ಟೀರಾಯ್ಡಿನಿಂದ ಮುಖ ಉಬ್ಬಿದಾಗ "ಚಲೋ ಮೈ ತುಂಬ್ಯಾಳ ನೋಡ್ರಿ" ಅಂದವರಿಗೂ ಥ್ಯಾಂಕ್ಸ್, ನಗು ಬರಿಸಿದಿರಿ.

ಬೆಳಗ್ಗೆ ಅವಳ ಮೊಣಕಾಲು, ಮಣಿಕಟ್ಟು ಬಿಗಿದಿರುತ್ತಿದ್ದವು. ಬಿಸಿನೀರು ಹಾಕಿ ತಾಸು ಕಳೆದ ಮೇಲೇ ನಡೆಯುತ್ತಿದ್ದಳು. ಬಾಲವಾಡಿ ಟೀಚರು "ತಡವಾದರೂ ಬರಲಿ ಬಿಡ್ರಿ" ಅಂದರು. ನೆಲಕ್ಕೆ ಕೂರಲಾಗದು ಅಂತ ಸಣ್ಣ ಕುರ್ಚಿ ಹಾಕಿದರು. ಉಳಿದ ಮಕ್ಕಳೂ ಕುರ್ಚಿಗೆ ಜಗಳ ಶುರು ಮಾಡಿದ್ದು ಬೇರೆ ಕಥೆ.

ಆಶಾ ಅಕ್ಕನನ್ನು ಮರೆಯುವಂತಿಲ್ಲ. ಪೋಲಿಯೋ ಹನಿ ಜೀವಂತ ಲಸಿಕೆ, ಈ ಔಷಧಿ ನಡೆಯುವಾಗ ಇವಳಿಗೆ ಸದ್ಯ ಬೇಡ ಎಂದಿದ್ದರು ಡಾಕ್ಟರು. ಆಶಾ ಅಕ್ಕ ವಾದ ಮಾಡದೆ ನೇರ ಡಾಕ್ಟರಿಗೇ ಫೋನ್ ಹಚ್ಚಿ ಕೇಳಿಕೊಂಡರು.

ಈಗ ಟೋಸಿಲಿಜುಮಾಬ್ ಡ್ರಿಪ್ ಮಾತ್ರ ಇದೆ. ಉರಿಯೂತ ಏರಿಸುವ ಇಂಟರ್‌ಲ್ಯೂಕಿನ್-6 ಎಂಬುದನ್ನು ಅದು ತಡೆಯುತ್ತದೆ. ಬಲು ತುಟ್ಟಿ. ಕೇಳದೆ ದುಡ್ಡು ಕೊಟ್ಟವರ ಹೆಸರು ಬರೆಯಬೇಡ ಎಂದಿದ್ದಾರೆ, ಬರೆಯುವುದಿಲ್ಲ. ಆ ಔಷಧಿಯನ್ನು ತಂಪಾಗಿಯೇ ಇಡಬೇಕು. ಬೆಂಗಳೂರಿಂದ ರಾತ್ರಿ ರೈಲಿನಲ್ಲಿ ತರಲು ಹುಬ್ಬಳ್ಳಿಯ ಔಷಧಿ ಅಂಗಡಿ ಕಾಕಾ ತಮ್ಮ ಐಸ್ ಡಬ್ಬಿ ಕೊಟ್ಟಿದ್ದರು. ಕಾಕಾ, ಅದು ಇನ್ನೂ ನಮ್ಮಲ್ಲೇ ಇದೆ. ಮುಂದಿನ ಡ್ರಿಪ್ಪಿಗೆ ಬರುವಾಗ ತರುತ್ತೇನೆ. ಮುಚ್ಚಳದ ಮೇಲೆ ಮಗಳು ಸ್ಕೆಚ್ ಪೆನ್ನಿನಲ್ಲಿ ಬೆಕ್ಕು ಬರೆದಿದ್ದಾಳೆ, ತಿಕ್ಕಿದರೂ ಹೋಗುತ್ತಿಲ್ಲ.