ಬೆಸ ಸಂಖ್ಯೆ ಬರೆದವರಿಗೆ ಕೃತಜ್ಞತೆ

ವಾರ್ಡಿನ ನಡುದಾರಿಯಲ್ಲಿ ಹಾಕಿದ್ದ ಹೆಚ್ಚುವರಿ ಮಂಚಗಳನ್ನೆಲ್ಲ ಎತ್ತಿಯಾಯಿತು. ಜ್ವರದ ಹಾವಳಿ ಇಳಿದಿದೆ, ದಾಖಲಾಗುವವರ ಸಂಖ್ಯೆ ಮಾಮೂಲಿಗೆ ಬಂದಿದೆ. ಇಂಥ ಹೊತ್ತಿನಲ್ಲಿ ನರ್ಸ್‌ಗಳಾದ ನಿಮ್ಮನ್ನು, ಸಿಸ್ಟರ್‌ಗಳನ್ನೂ ಬ್ರದರ್‌ಗಳನ್ನೂ, ‘ನಿಸ್ವಾರ್ಥ ಸೇವೆ’ ಎಂಬ ಎರಡು ಪದಗಳಲ್ಲಿ ಹೊಗಳಿ ಮುಗಿಸುವುದುಂಟು. ಆ ಮಾತು ಸುಳ್ಳಲ್ಲ. ಆದರೆ ಅದನ್ನು ಕೇಳಿದವರಿಗೆ ನೀವು ನಿಜವಾಗಿ ಏನು ಮಾಡಿದಿರಿ ಎಂಬುದು ಗೊತ್ತಾಗುವುದಿಲ್ಲ. ರೋಗಿಗಳ ಸುರಕ್ಷತೆಯ ಹೊಣೆ ಹೊತ್ತು ನಿಮ್ಮ ಚಾರ್ಟುಗಳನ್ನು ದಿನವೂ ಓದುವ ನಾವು, ಒಂದೊಂದು ಕೆಲಸದ ಹೆಸರು ಹಿಡಿದೇ ಥ್ಯಾಂಕ್ಸ್ ಹೇಳಬೇಕೆಂದುಕೊಂಡಿದ್ದೇವೆ.

ಮೊದಲು ಉಸಿರಿನ ಎಣಿಕೆ. ಬಿಪಿಯನ್ನು ಮಷಿನ್ ಹೇಳುತ್ತದೆ, ನಾಡಿ ಮತ್ತು ಸ್ಯಾಚುರೇಶನ್ (ರಕ್ತದಲ್ಲಿನ ಆಮ್ಲಜನಕದ ಮಟ್ಟ) ಬೆರಳಿನ ಕ್ಲಿಪ್ಪಿನಿಂದ ಸಿಗುತ್ತವೆ, ಜ್ವರಕ್ಕೆ ಥರ್ಮಾಮೀಟರ್ ಇದೆ. ಸಾಮಾನ್ಯ ವಾರ್ಡಿನಲ್ಲಿ ಉಸಿರನ್ನು ಮಾತ್ರ ಒಬ್ಬರು ಪಕ್ಕದಲ್ಲಿ ನಿಂತು, ಎದೆಯ ಏರಿಳಿತ ನೋಡಿಯೇ ಎಣಿಸಬೇಕು. ಕೈತುಂಬ ಕೆಲಸವಿರುವಾಗ ಅಂದಾಜಿನಲ್ಲಿ ತುಂಬಿಬಿಡಲು ಅತಿ ಸುಲಭವಾದ ಕಾಲಂ ಅದೇ. 18, 20, 18, 20 ಎಂದು ಪುಟದುದ್ದಕ್ಕೂ ಬರೆದರೂ ಯಾರೂ ಕೇಳುವುದಿಲ್ಲ. ಆದರೆ ರೋಗಿಯ ಸ್ಥಿತಿ ಹದಗೆಡುವಾಗ ಎಷ್ಟೋ ಸಲ ಬಿಪಿ ಬೀಳುವ ಮುಂಚೆಯೇ ಉಸಿರಿನ ವೇಗ ಏರಿರುತ್ತದೆ. ಅಂಗಾಂಗಗಳಿಗೆ ಆಮ್ಲಜನಕ ಸಾಲದೆ ರಕ್ತದಲ್ಲಿ ಆಮ್ಲ ಹೆಚ್ಚಿದಾಗ, ಅದನ್ನು ಸರಿತೂಗಿಸಲು ದೇಹ ಉಸಿರಾಟವನ್ನು ಚುರುಕು ಮಾಡುತ್ತದೆ. ‘ನ್ಯೂಸ್’ ಎಂದು ಕರೆಯುವ ಮುನ್ನೆಚ್ಚರಿಕೆಯ ಅಂಕಪಟ್ಟಿಯಲ್ಲಿ ನಿಮಿಷಕ್ಕೆ 12ರಿಂದ 20 ಉಸಿರಿಗೆ ಸೊನ್ನೆ, 21ರಿಂದ 24ಕ್ಕೆ 2, 25 ಮತ್ತು ಅದರ ಮೇಲೆ 3. ಬೇರೆಲ್ಲ ಸರಿಯಿದ್ದು ಈ ಒಂದರಲ್ಲೇ 3 ಬಂದರೂ ರೋಗಿಯನ್ನು ಬೇಗ ಪರೀಕ್ಷಿಸಬೇಕು. 26 ಇದ್ದದ್ದನ್ನು 20 ಎಂದು ಬರೆದರೆ ಡಾಕ್ಟರಿಗೆ ಕರೆಯೇ ಹೋಗುವುದಿಲ್ಲ.

15 ಸೆಕೆಂಡ್ ಎಣಿಸಿ ನಾಲ್ಕರಿಂದ ಗುಣಿಸಿದರೆ ಸಾಲದು. ಒಂದು ಉಸಿರು ತಪ್ಪಿದರೆ ಲೆಕ್ಕದಲ್ಲಿ ನಾಲ್ಕು ತಪ್ಪುತ್ತದೆ, ನಿಂತು ನಿಂತು ಬರುವ ಉಸಿರು ಕಣ್ಣಿಗೆ ಬೀಳದೆಯೂ ಹೋಗಬಹುದು. ‘ಉಸಿರು ಎಣಿಸುತ್ತೇನೆ’ ಎಂದು ಹೇಳಿದರಂತೂ ರೋಗಿಯ ಉಸಿರಾಟವೇ ಬದಲಾಗುತ್ತದೆ. ಅದಕ್ಕೇ ನಾಡಿ ನೋಡುವವರಂತೆ ಮಣಿಕಟ್ಟು ಹಿಡಿದುಕೊಂಡು, ಕಣ್ಣನ್ನು ಎದೆಯ ಮೇಲಿಟ್ಟು, ಪೂರ್ತಿ 60 ಸೆಕೆಂಡ್ ಎಣಿಸಬೇಕು. ಕಾಲಿಡಲು ಜಾಗವಿಲ್ಲದ ಆ ವಾರಗಳಲ್ಲಿ, ರಾತ್ರಿ ಮೂರು ಗಂಟೆಯ ಸಾಲಿನಲ್ಲಿ ನಮಗೆ ಕಂಡದ್ದು 17, 23, 19, 27. ಎಲ್ಲ ಬೆಸ ಸಂಖ್ಯೆಗಳು. ಎರಡರಿಂದಲೋ ನಾಲ್ಕರಿಂದಲೋ ಗುಣಿಸಿ ಬರೆದಿದ್ದರೆ ಒಂದೂ ಬೆಸ ಬರುತ್ತಿರಲಿಲ್ಲ. ಒಬ್ಬರಿಗೆ ಒಂದು ನಿಮಿಷ ಎಂದರೆ ಮೂವತ್ತು ಮಂದಿಗೆ ಅರ್ಧ ಗಂಟೆ. ಅಷ್ಟು ಹೊತ್ತನ್ನು ಆ ರಾತ್ರಿಗಳಲ್ಲಿ ಎಲ್ಲಿಂದ ಹೊಂದಿಸಿದಿರೋ, ನೆನೆದರೆ ಮನಸ್ಸು ತುಂಬಿ ಬರುತ್ತದೆ.

ಶುಶ್ರೂಷಕರ ವೃತ್ತಿಮೌಲ್ಯಗಳನ್ನು ಅಳೆಯಲು ಡಾರ್ಲೀನ್ ವೈಸ್ ಮತ್ತು ಮೇರಿ ಜೇನ್ ಶ್ಯಾಂಕ್ ರೂಪಿಸಿದ ಒಂದು ಪ್ರಶ್ನಾವಳಿ ಇದೆ. ಅದರ 2017ರ ರೂಪದಲ್ಲಿ 28 ಹೇಳಿಕೆಗಳಿವೆ. ಆರೈಕೆ, ವೃತ್ತಿನಿಷ್ಠೆ, ಸುಧಾರಣೆಗಾಗಿ ದನಿಯೆತ್ತುವುದು ಎಂಬ ಮೂರು ಗುಂಪುಗಳಲ್ಲಿ. ಮೊದಲ ಎರಡನ್ನು ಎಲ್ಲರೂ ಮೆಚ್ಚುತ್ತಾರೆ. ಮೂರನೆಯದನ್ನು ‘ಎದುರು ಮಾತು’ ಎಂದು ತಪ್ಪಾಗಿ ತಿಳಿಯುವವರೇ ಹೆಚ್ಚು. ನಾವು ಹೆಚ್ಚು ಋಣಿಯಾಗಿರುವುದು ಆ ಮೂರನೆಯದಕ್ಕೇ.

ಇನ್ಸುಲಿನ್ ವಿಷಯವನ್ನೇ ತೆಗೆದುಕೊಳ್ಳಿ. ಒಂದು ಎಂಎಲ್‌ನಲ್ಲಿ 40 ಯೂನಿಟ್ ಇರುವ ಬಾಟಲಿಯೂ ಬರುತ್ತದೆ, 100 ಯೂನಿಟ್ ಇರುವುದೂ ಬರುತ್ತದೆ. 40ರದ್ದಕ್ಕೆ ಕೆಂಪು ಮುಚ್ಚಳದ ಸಿರಿಂಜ್, 100ರದ್ದಕ್ಕೆ ಕಿತ್ತಳೆ ಮುಚ್ಚಳದ್ದು. ಸ್ಟಾಕ್ ಕಡಿಮೆಯಾಗಿ ಅಲ್ಲಿಂದ ಇಲ್ಲಿಂದ ತರಿಸಿಕೊಳ್ಳುವ ದಿನಗಳಲ್ಲಿ ಎರಡೂ ಒಂದೇ ಟ್ರೇಗೆ ಬಂದು ಸೇರುತ್ತವೆ. ಕೆಂಪು ಮುಚ್ಚಳದ ಸಿರಿಂಜಿನಲ್ಲಿ 20ರ ಗೆರೆಯವರೆಗೆ ಎಳೆದರೆ ಅರ್ಧ ಎಂಎಲ್. ಬಾಟಲಿ 100ರದ್ದಾಗಿದ್ದರೆ ಅದರಲ್ಲಿ 50 ಯೂನಿಟ್ ಇರುತ್ತದೆ, ಅಂದರೆ ಬೇಕಾದದ್ದರ ಎರಡೂವರೆ ಪಟ್ಟು. ನಿದ್ದೆಯಲ್ಲಿರುವ ರೋಗಿಗೆ ಶುಗರ್ ಕುಸಿದರೆ ಬೆವರೋ ನಡುಕವೋ ಯಾರ ಕಣ್ಣಿಗೂ ಬೀಳದೆ ಹೋಗಬಹುದು.

ಇದನ್ನು ತಡೆಯಲು ಇಬ್ಬರು ನೋಡಬೇಕೆಂಬ ನಿಯಮವಿದೆ. ಆದರೆ ಸಿರಿಂಜ್ ಎತ್ತಿ ತೋರಿಸಿ ‘ಇಪ್ಪತ್ತು, ಸರಿ ತಾನೆ?’ ಎಂದರೆ ಎದುರಿನವರ ತಲೆ ತಾನಾಗಿಯೇ ಆಡುತ್ತದೆ. ಎರಡನೆಯವರು ಆರ್ಡರ್ ಅನ್ನು ತಾವೇ ಓದಬೇಕು, ಬಾಟಲಿಯ ಮೇಲಿನ ಅಂಕಿ ತಾವೇ ನೋಡಬೇಕು, ಲೆಕ್ಕ ತಾವೇ ಮಾಡಬೇಕು. ಮೊದಲನೆಯವರ ಉತ್ತರ ಕೇಳುವುದು ಆಮೇಲೆ. ಹೀಗೆ ನೋಡುವಾಗ ತಮಗಿಂತ ಸೀನಿಯರ್ ಕೈಯನ್ನು ‘ಸ್ವಲ್ಪ ತಡೀರಿ ಸಿಸ್ಟರ್’ ಎಂದು ನಿಲ್ಲಿಸಿದ ಕಿರಿಯರಿಗೆ ವಿಶೇಷ ಥ್ಯಾಂಕ್ಸ್. ನಿಂತ ಆ ಸೀನಿಯರ್‌ಗೂ ಅಷ್ಟೇ. ರೋಗಿಗೆ ತಲುಪುವ ಮೊದಲೇ ಸಿಕ್ಕಿಬಿದ್ದ ತಪ್ಪನ್ನು ಮುಚ್ಚಿಡುವುದು ಸುಲಭ, ಏಕೆಂದರೆ ಯಾರಿಗೂ ಏನೂ ಆಗಿರುವುದಿಲ್ಲ. ನೀವು ಅಂಥವನ್ನು ಬರೆದು ಕೊಟ್ಟಿರಿ. ಆ ಚೀಟಿಗಳಿಂದಲೇ ಈಗ ಎರಡು ಬಗೆಯ ಇನ್ಸುಲಿನ್ ಬೇರೆ ಬೇರೆ ಡಬ್ಬಿಗಳಲ್ಲಿವೆ. ಸಲೈನ್ ಎಂದು ತಪ್ಪಿ ಕೊಟ್ಟರೆ ಪ್ರಾಣಕ್ಕೇ ಅಪಾಯವಾಗುವ ಪೊಟ್ಯಾಷಿಯಂ ಕ್ಲೋರೈಡ್ ಆ್ಯಂಪೂಲ್‌ಗಳು ಸಲೈನ್ ಪಕ್ಕದಿಂದ ಎದ್ದು ಬೀಗದ ಕಪಾಟಿಗೆ ಹೋಗಿವೆ.

ಬೆನ್ನು ಹುಣ್ಣಾಗದಂತೆ ಕಾದದ್ದನ್ನು ರೋಗಿಯ ಮನೆಯವರು ಗಮನಿಸಿರಲಾರರು, ಆಗದೆ ಉಳಿದದ್ದು ಯಾರಿಗೂ ಕಾಣುವುದಿಲ್ಲವಲ್ಲ. ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸುವುದು, ಪೂರ್ತಿ ಪಕ್ಕಕ್ಕೆ ಮಲಗಿಸಿ ಸೊಂಟದ ಮೂಳೆಯ ಮೇಲೆ ಭಾರ ಹಾಕದೆ 30 ಡಿಗ್ರಿಯಷ್ಟೇ ಓರೆಯಾಗಿ ದಿಂಬು ಕೊಡುವುದು, ಮೀನಖಂಡದ ಕೆಳಗೆ ದಿಂಬಿಟ್ಟು ಹಿಮ್ಮಡಿಯನ್ನು ಹಾಸಿಗೆಯಿಂದ ಮೇಲಿಡುವುದು, ಎಳೆಯದೆ ಎತ್ತಿ ಸರಿಸುವುದು. ಇಷ್ಟೂ ಇಬ್ಬರ ಕೆಲಸ. ಕೈಜೋಡಿಸಿದ ಆಯಾಗಳಿಗೂ ವಾರ್ಡ್ ಬಾಯ್‌ಗಳಿಗೂ ಇದರಲ್ಲಿ ಸಮಪಾಲು.

ಇನ್ನು ಹ್ಯಾಂಡ್‌ಓವರ್, ಅಂದರೆ ಪಾಳಿ ಮುಗಿಸಿದವರು ರೋಗಿಗಳನ್ನು ಮುಂದಿನ ಪಾಳಿಯವರಿಗೆ ಒಪ್ಪಿಸುವುದು. ಮಂಚಗಳು ದಿನಕ್ಕೆರಡು ಸಲ ಜಾಗ ಬದಲಿಸುವಾಗ ‘ಹನ್ನೆರಡನೇ ಬೆಡ್ ಸ್ಟೇಬಲ್’ ಎಂಬ ಮಾತಿನಷ್ಟು ಅಪಾಯದ್ದು ಬೇರೊಂದಿಲ್ಲ. ಹೆಸರು ಮತ್ತು ಕೈಪಟ್ಟಿಯ ನಂಬರ್, ಎರಡನ್ನೂ ಓದಿದ ಮೇಲೇ ನೀವು ಮಾತು ಶುರುಮಾಡುತ್ತಿದ್ದಿರಿ. ಈಗೇನಾಗಿದೆ, ಹಿಂದೇನಿತ್ತು, ನನಗೇನನ್ನಿಸುತ್ತದೆ, ಮುಂದೇನಾಗಬೇಕು ಎಂಬ ನಾಲ್ಕು ಹೆಜ್ಜೆಗಳಲ್ಲಿ ಮೂರನೆಯದು ಸಾಮಾನ್ಯವಾಗಿ ಬಿಟ್ಟುಹೋಗುತ್ತದೆ. ‘ಅಂಕಿಗಳು ಸರಿಯಿವೆ, ಆದರೂ ಇವರು ನಿನ್ನೆಯ ಹಾಗಿಲ್ಲ’ ಎಂದು ಹೇಳಿ ಹೋದವರು ಅದನ್ನು ಬಿಡಲಿಲ್ಲ. ಡ್ರಿಪ್ಪಿನ ಹನಿಗಳನ್ನೂ ಇಬ್ಬರೂ ಸೇರಿ ಎಣಿಸಿದಿರಿ. ಒಂದು ಎಂಎಲ್‌ಗೆ 20 ಹನಿಯ ಸೆಟ್ಟಿನಲ್ಲಿ 500 ಎಂಎಲ್ ಎಂಟು ಗಂಟೆಯಲ್ಲಿ ಹೋಗಬೇಕಾದರೆ ನಿಮಿಷಕ್ಕೆ ಸುಮಾರು 21 ಹನಿ. ರೋಗಿ ಮೊಣಕೈ ಮಡಚಿದರೆ ಹನಿ ನಿಧಾನವಾಗುತ್ತದೆ, ಚಾಚಿದರೆ ಮತ್ತೆ ಓಡುತ್ತದೆ. ಬೆಳಿಗ್ಗೆ ಹೊಂದಿಸಿದ್ದು ಮಧ್ಯಾಹ್ನಕ್ಕೆ ಹಾಗೆಯೇ ಇರುತ್ತದೆಂದು ನಂಬುವಂತಿಲ್ಲ.

ಕೆಲಸದ ಜಾಗದ ಮೇಲಿನ ನಿಮ್ಮ ನಿಷ್ಠೆಯ ಬಗ್ಗೆ ಒಂದು ಮಾತು ಬಿಚ್ಚಿಯೇ ಹೇಳಬೇಕು. ಜಾನ್ ಮೇಯರ್ ಮತ್ತು ನಟಾಲಿ ಆ್ಯಲೆನ್ 1991ರಲ್ಲಿ ಇಂಥ ನಿಷ್ಠೆಯನ್ನು ಮೂರಾಗಿ ಬಿಡಿಸಿದರು: ಪ್ರೀತಿಯಿಂದ ಉಳಿಯುವುದು, ಬಿಟ್ಟರೆ ನಷ್ಟವೆಂದು ಉಳಿಯುವುದು, ಉಳಿಯಬೇಕಾದದ್ದು ಧರ್ಮವೆಂದು ಉಳಿಯುವುದು. ರೋಸ್ಟರ್‌ನಲ್ಲಿ ಮೂವರೂ ಒಂದೇ ತರಹ ಕಾಣುತ್ತಾರೆ. ಆದರೆ ಮೊದಲನೆಯದು ತಾನಾಗಿ ಬೆಳೆಯುವುದಿಲ್ಲ. ಹೇಳಿದ್ದನ್ನು ಕೇಳುವ ಇನ್‌ಚಾರ್ಜ್, ಸಮಯಕ್ಕೆ ಸಿಗುವ ಗ್ಲೌಸ್, ಊಟಕ್ಕೆ ಬಿಡುವು, ಇವಿದ್ದಲ್ಲಿ ಬೆಳೆಯುತ್ತದೆ. ಡಬಲ್ ಡ್ಯೂಟಿ ಮಾಡಿದವರಿಗೆ ನಾವು ಋಣಿ, ಆದರೆ ಅದನ್ನು ಮಾದರಿಯೆಂದು ಹೊಗಳಲಾರೆವು. ಅಮೆರಿಕದ ಪೆನ್ಸಿಲ್ವೇನಿಯಾದ 168 ಆಸ್ಪತ್ರೆಗಳನ್ನು ನೋಡಿ 2002ರಲ್ಲಿ ಪ್ರಕಟವಾದ ಅಧ್ಯಯನವೊಂದು, ಒಬ್ಬ ನರ್ಸ್ ನೋಡಿಕೊಳ್ಳುವ ರೋಗಿಗಳ ಸಂಖ್ಯೆ ಒಂದು ಹೆಚ್ಚಿದರೆ ಶಸ್ತ್ರಚಿಕಿತ್ಸೆಯಾದವರು 30 ದಿನದೊಳಗೆ ಸಾಯುವ ಸಂಭವ ಶೇ. 7ರಷ್ಟು ಹೆಚ್ಚಿರುವುದನ್ನು ಕಂಡಿತು. ನಿಮ್ಮ ನಿಷ್ಠೆ ಎಷ್ಟೇ ದೊಡ್ಡದಿರಲಿ, ಖಾಲಿ ಹುದ್ದೆಗೆ ಅದು ಬದಲಿಯಾಗದು. ‘ನನಗೆ ತುಂಬ ಸುಸ್ತಾಗಿದೆ, ಈ ಲೆಕ್ಕ ನೀವೊಮ್ಮೆ ನೋಡಿ’ ಎಂದು ಬೆಳಗಿನ ಜಾವ ಪಕ್ಕದವರನ್ನು ಕರೆದವರು ವೃತ್ತಿನಿಷ್ಠೆಯಲ್ಲಿ ಯಾರಿಗೂ ಕಡಿಮೆಯಲ್ಲ.

ನೀವು ಕೇಳಿದವುಗಳಲ್ಲಿ ಮೂರು ಈ ವಾರದಿಂದಲೇ ಜಾರಿಗೆ ಬಂದಿವೆ. ನೈಟ್ ಡ್ಯೂಟಿ ಮುಗಿಸಿ ಹೋದವರನ್ನು ಹಗಲು ಮೀಟಿಂಗಿಗೆ ಕರೆಯುವುದಿಲ್ಲ. ಔಷಧಿ ತುಂಬುವ ಮೇಜಿನ ಬಳಿ ನಿಂತವರನ್ನು ಫೋನಿಗೂ ಕರೆಯುವುದಿಲ್ಲ, ಮಾತಿಗೂ ಎಳೆಯುವುದಿಲ್ಲ. ಮತ್ತೆ, ಸೆಕೆಂಡಿನ ಮುಳ್ಳಿರುವ ಗಡಿಯಾರಗಳನ್ನು ಯಾವ ಮಂಚದ ಪಕ್ಕ ನಿಂತರೂ ಕಾಣುವಂತೆ ಎರಡೂ ಗೋಡೆಗೆ ಹಾಕಿಸಿದ್ದೇವೆ.