ಲಂಗರಿನ ಹಗ್ಗದ ವಿಚಾರವಾಗಿ ಮಗಳಿಗೊಂದು ಪತ್ರ

ಪ್ರೀತಿಯ ಮಗಳಿಗೆ ಅಮ್ಮನ ಆಶೀರ್ವಾದಗಳು.

ಬರುವ ಭಾನುವಾರ ನೀನೂ ನಿನ್ನ ಗೆಳತಿಯೂ 18 ಅಡಿಯ ಮೋಟಾರು ದೋಣಿಯಲ್ಲಿ ದಡ ಕಾಣದಷ್ಟು ದೂರ ಹೋಗಿ ಆಳಸಮುದ್ರದಲ್ಲಿ ಗಾಳ ಹಾಕುವವರಿದ್ದೀರಿ ಎಂದು ಹೇಳಿದಾಗ ನಾನು ಬೇಡವೆನ್ನಲಿಲ್ಲ. ಜಗಳವಾದದ್ದು ಬೇರೆ ಮಾತಿಗೆ. ಲಂಗರನ್ನು ದೋಣಿಯ ಹಿಂಬದಿಯಿಂದಲೇ ಇಳಿಸುತ್ತೇನೆ, ಎಳೆದುಕೊಳ್ಳಲು ಅದೇ ಅನುಕೂಲ, ಅಪ್ಪನೂ ಹಾಗೆಯೇ ಮಾಡುತ್ತಿದ್ದರು ಎಂದೆಯಲ್ಲ, ಆಗ ನನ್ನ ದನಿ ಏರಿತು. ಫೋನಿನಲ್ಲಿ ಹಾಗೆ ಕೂಗಾಡಿದ್ದಕ್ಕೆ ಬೇಸರವಿದೆ. ಆಡಿದ ಮಾತನ್ನು ಮಾತ್ರ ಹಿಂದಕ್ಕೆ ತೆಗೆದುಕೊಳ್ಳುವುದಿಲ್ಲ. ಅದರ ಹಿಂದಿನ ಕಾರಣವನ್ನು ಕೇಳುವ ತಾಳ್ಮೆ ಅಂದು ನಿನಗಿರಲಿಲ್ಲ, ಹೇಳುವ ತಾಳ್ಮೆ ನನಗೂ ಇರಲಿಲ್ಲ.

ಬಂಡೆಯ ಸಂದಿಯಲ್ಲಿ ಲಂಗರು ಸಿಕ್ಕಿಕೊಂಡ ಆ ದಿನವನ್ನು ನಾನು ವಿವರಿಸಬೇಕಾಗಿಲ್ಲ. ಆ ಕಥೆಯನ್ನು ನೀನೇ ಬಂದವರಿಗೆಲ್ಲ ಹೇಳಿ ನಗಿಸಿದ್ದೀಯೆ. ಆದರೆ ನೀನು ದೋಣಿಯ ಮುಂತುದಿಯಲ್ಲಿ ಆಚೆ ಮುಖಮಾಡಿ ಕುಳಿತಿದ್ದೆ; ನಿನ್ನ ಬೆನ್ನ ಹಿಂದೆ ನಡೆದದ್ದನ್ನು ಕಂಡವರು ನಾವಿಬ್ಬರೇ. ಅಪ್ಪ ಸಿಕ್ಕಿಬಿದ್ದ ಹಗ್ಗವನ್ನು ಹಿಂಬದಿಯ ಮೂಲೆಯ ಗೂಟಕ್ಕೆ ಸುತ್ತಿ, ಎಂಜಿನ್ನಿನ ಬಲಕ್ಕೆ ಲಂಗರು ಕಿತ್ತು ಬರುತ್ತದೆಂಬ ಲೆಕ್ಕದಲ್ಲಿ ವೇಗ ಹೆಚ್ಚಿಸಿದರು. ಸಮುದ್ರ ಅಂದು ಶಾಂತವಾಗಿಯೇ ಇತ್ತು, ಇದನ್ನು ನೀನು ಗಮನಿಸಬೇಕು. ಹಗ್ಗ ಬಿಗಿಯುತ್ತ ಹೋಗಿ ಅದರ ಎಳೆಗಳ ನಡುವಿನಿಂದ ನೀರು ಹಿಂಡಿ ಉದುರತೊಡಗಿತು, ದೋಣಿ ಮುಂದಕ್ಕೆ ಚಲಿಸಲಿಲ್ಲ, ಹಿಂಬದಿ ಕೆಳಗಿಳಿಯಿತು. ಔಟ್‌ಬೋರ್ಡ್ ಎಂಜಿನ್ ಕೂರಿಸಲೆಂದು ಹಿಂದಿನ ಹಲಗೆಯನ್ನು ತಗ್ಗಿಸಿರುತ್ತಾರಲ್ಲ, ನೀರು ಒಳಬಂದದ್ದು ಅಲ್ಲಿಂದ. ಅಬ್ಬರವಿಲ್ಲ, ಅಲೆಯಿಲ್ಲ, ಹಂಡೆಯಲ್ಲಿ ಅದ್ದಿದ ಚೆಂಬಿನೊಳಕ್ಕೆ ಇಳಿಯುವ ಹಾಗೆ ನೀರು ನುಣ್ಣಗೆ ಇಳಿಯಿತು. ಎರೆ ಕತ್ತರಿಸುವ ಚೂರಿ ನನ್ನ ಕೈಯಲ್ಲೇ ಇತ್ತು. ಅಷ್ಟು ಬಿಗಿದ ಹಗ್ಗವನ್ನು ಕೊಯ್ಯಬೇಕಾಗಲಿಲ್ಲ, ಅಲಗು ತಾಗಿದ್ದೇ ಪಟ್ಟೆಂದು ಹರಿದುಹೋಯಿತು. ದಾರಿಯುದ್ದಕ್ಕೂ ಅವರು ನಿನ್ನನ್ನು ನಗಿಸಿದ್ದು ನೀನು ಹಿಂದಿರುಗಿ ನೋಡದಿರಲೆಂದು. ಆಮೇಲೆ ಅವರು ಹಿಂಬದಿಗೆ ಲಂಗರು ಕಟ್ಟಿದ್ದನ್ನು ನಾನು ಕಾಣಲಿಲ್ಲ. ನೀನು ಅನುಕರಿಸಲು ಹೊರಟಿರುವುದು ಅದಕ್ಕೂ ಮೊದಲಿನ ಅಪ್ಪನನ್ನು.

ನಿನ್ನ ದೋಣಿಯ ಹಿಂಬದಿಯಲ್ಲಿ ಏನೇನಿದೆ ಎಂದು ಒಮ್ಮೆ ಯೋಚಿಸು. ಎಂಜಿನ್ ಅಲ್ಲಿ, ಬ್ಯಾಟರಿ ಅಲ್ಲಿ, ಇಂಧನದ ಟ್ಯಾಂಕು ಅಲ್ಲಿ. ಮೀನು ಕಚ್ಚಿತೆಂದರೆ ನೀವಿಬ್ಬರೂ ಅಲ್ಲಿಗೇ ಓಡುತ್ತೀರಿ. ಒಂದು ಲೀಟರ್ ಸಮುದ್ರದ ನೀರು ಒಂದು ಕಿಲೋಗಿಂತ ತುಸು ಹೆಚ್ಚೇ ತೂಗುತ್ತದೆ, ಹಾಗಾಗಿ ಒಳಬಂದ 200 ಲೀಟರ್ ಎಂದರೆ ಮೂವರು ಹೆಚ್ಚುವರಿಯಾಗಿ ಹತ್ತಿ ಕುಳಿತಂತೆ, ಅದೂ ದೋಣಿ ಯಾವ ಕಡೆ ವಾಲಿದರೆ ಆ ಕಡೆಗೇ ಹರಿಯುವ ಭಾರ. ಅಲೆ ಬಂದಾಗ ಮೇಲೇಳುವಂತೆ ರೂಪಿಸಿರುವುದು ಮುಂತುದಿಯನ್ನು. ಲಂಗರಿನ ಹಗ್ಗ ಅಲ್ಲಿದ್ದರೆ ದೋಣಿ ತಾನಾಗಿ ಗಾಳಿಗೋ ಸೆಳೆತಕ್ಕೋ ಮುಖ ಕೊಟ್ಟು ನಿಲ್ಲುತ್ತದೆ. ಮುಂದೆ ಹೋಗಿ ಬಗ್ಗುವುದು ಅಪಾಯವೆನ್ನುತ್ತೀಯಾದರೆ, ಹಗ್ಗದ ಕೊನೆಯನ್ನು ಬಂದರಿನಲ್ಲೇ ಮುಂದಿನ ಗೂಟಕ್ಕೆ ಕಟ್ಟಿ, ಬದಿಯ ಕಂಬಿಗಳ ಹೊರಗಿನಿಂದ ಹಿಂದಕ್ಕೆ ತಂದಿಟ್ಟುಕೋ. ಕುಳಿತಲ್ಲಿಂದಲೇ ಲಂಗರು ಇಳಿಸಬಹುದು, ಭಾರ ಮಾತ್ರ ಮುಂದಕ್ಕೆ ಬೀಳುತ್ತದೆ. ಇಳಿಸುವಾಗ ಎಂಜಿನ್ ನ್ಯೂಟ್ರಲ್‌ನಲ್ಲಿರಲಿ, ಹಗ್ಗ ಪ್ರೊಪೆಲ್ಲರಿಗೆ ಸುತ್ತಿಕೊಂಡರೆ ಅದೂ ಹಿಂಬದಿಗೆ ಕಟ್ಟಿದಂತೆಯೇ.

ಇನ್ನೊಂದು ಲೆಕ್ಕ. ಲಂಗರು ನೆಲ ಹಿಡಿಯಬೇಕಾದರೆ ಆಳದ ಐದರಿಂದ ಏಳು ಪಟ್ಟು ಹಗ್ಗ ಬಿಡಬೇಕೆಂಬುದು ಹಳೆಯ ರೂಢಿ. ನೀವು ಹೋಗುವ ಕಡೆ 40 ಮೀಟರ್ ಆಳವಿದೆ ಎಂದೆ. ಏಳು ಪಟ್ಟೆಂದರೆ 280 ಮೀಟರ್. ಅಷ್ಟು ಹಗ್ಗ ನಿನ್ನ ದೋಣಿಯಲ್ಲಿ ಎಲ್ಲಿ ಹಿಡಿಸುತ್ತದೆ? ಸಾಲದ ಹಗ್ಗದಲ್ಲಿ ಲಂಗರು ಜಾರುತ್ತದೆ, ಇಲ್ಲವೇ ಬಂಡೆಗೆ ಸಿಕ್ಕಿಕೊಳ್ಳುತ್ತದೆ. ಆದ್ದರಿಂದ ಲಂಗರು ಹಾಕದೆ, ಕೊಡೆಯಾಕಾರದ ಬಟ್ಟೆಯ ಲಂಗರನ್ನು ಮುಂತುದಿಯಿಂದ ನೀರಿಗೆ ಬಿಟ್ಟು ನಿಧಾನವಾಗಿ ತೇಲುತ್ತ ಗಾಳ ಹಾಕುವುದೇ ನನಗೆ ಸರಿಯೆನಿಸುತ್ತದೆ. ಹಾಕಲೇಬೇಕೆಂದಿದ್ದರೆ ಸರಪಳಿಯನ್ನು ಲಂಗರಿನ ಬುಡಕ್ಕೆ ಕಟ್ಟಿ, ದಂಡದ ತುದಿಯ ಬಳೆಗೆ ತೆಳು ದಾರದಿಂದ ಮಾತ್ರ ಬಿಗಿ. ಸಿಕ್ಕಿಕೊಂಡಾಗ ಜಗ್ಗಿದರೆ ದಾರ ಹರಿದು, ಲಂಗರು ಬುಡದ ಕಡೆಯಿಂದ ಹೊರಬರುತ್ತದೆ. ಅದಕ್ಕೂ ಬಗ್ಗದಿದ್ದರೆ ಕೊಯ್ದುಬಿಡು. ಲಂಗರು ಕಳೆದುಕೊಂಡು ಬಂದೆಯೆಂದು ಯಾರೂ ನಿನ್ನನ್ನು ಆಡಿಕೊಳ್ಳುವುದಿಲ್ಲ. ಆಡಿಕೊಂಡರೆ ನನ್ನ ಹೆಸರು ಹೇಳು. ಚೂರಿ ಪೆಟ್ಟಿಗೆಯೊಳಗಿರದೆ ಕೈಗೆಟಕುವಲ್ಲಿರಲಿ. ಅಂದು ಅದು ನನ್ನ ಕೈಯಲ್ಲಿದ್ದದ್ದು ಎರೆಯ ಕೆಲಸ ಮುಗಿದಿರಲಿಲ್ಲವಾದ್ದರಿಂದ ಮಾತ್ರ, ಇದು ಇಂದಿಗೂ ನನ್ನ ನಿದ್ದೆ ಕೆಡಿಸುತ್ತದೆ.

ಉಳಿದದ್ದರಲ್ಲಿ ನಿನಗೆ ಪಾಠ ಹೇಳುವ ಯೋಗ್ಯತೆ ನನಗಿಲ್ಲ. ಕೆಟ್ಟುನಿಂತ ಎಂಜಿನ್ನನ್ನು ಬಿಚ್ಚಿ, ಕೈಯೆಲ್ಲ ಕರಿ ಮಾಡಿಕೊಂಡು, ಮತ್ತೆ ಜೋಡಿಸಿ ಓಡಿಸಿದವಳು ನೀನು. ಅಷ್ಟು ಅಪ್ಪನಿಗೂ ಬರುತ್ತಿರಲಿಲ್ಲ, ಈ ಮಾತನ್ನು ಅವರೇ ಹೆಮ್ಮೆಯಿಂದ ಹೇಳಿದ್ದರು. ಆದರೂ ಬರೆಯದೆ ಇರಲಾರೆ. ಇಂಧನದಲ್ಲಿ ಮೂರರಲ್ಲೊಂದು ಪಾಲು ಹೋಗಲು, ಒಂದು ಪಾಲು ಬರಲು, ಉಳಿದ ಪಾಲನ್ನು ಮುಟ್ಟಬೇಡ. ವಿಎಚ್‌ಎಫ್ ರೇಡಿಯೊ ತುರ್ತು ಕರೆಯ 16ನೇ ಚಾನೆಲ್ಲಿನಲ್ಲಿರಲಿ, ಅಷ್ಟು ದೂರಕ್ಕೆ ಮೊಬೈಲನ್ನು ನಂಬುವಂತಿಲ್ಲ. 406 ಮೆಗಾಹರ್ಟ್ಸ್‌ನ ತುರ್ತು ಸಂಕೇತದ ಸಾಧನವನ್ನು ನಿನ್ನ ಹೆಸರಿಗೆ ನೋಂದಾಯಿಸಿದ್ದೀಯಾ? ಇಲ್ಲದಿದ್ದರೆ ಉಪಗ್ರಹದ ಮೂಲಕ ಸಂಕೇತ ತಲುಪಿದರೂ ಅದು ಯಾವ ದೋಣಿ, ಯಾರ ಮನೆಗೆ ಕೇಳಬೇಕು ಎಂಬುದು ರಕ್ಷಣೆಗೆ ಬರುವವರಿಗೆ ತಿಳಿಯುವುದಿಲ್ಲ. ಎಂಜಿನ್ ಆರಿಸುವ ಕಿಲ್ ಸ್ವಿಚ್ಚಿನ ದಾರ ಚಾಲಕರ ಮೈಗೆ ಸಿಕ್ಕಿಸಿರಲಿ, ಲೈಫ್ ಜಾಕೆಟ್ ಸೀಟಿನ ಕೆಳಗಲ್ಲ, ಮೈಮೇಲಿರಲಿ. ಸಂಜೆ ಅಳಿವೆಯೊಳಕ್ಕೆ ಮರಳುವ ಹೊತ್ತಿಗೆ ಇಳಿತವಿದ್ದು ಅದರ ಸೆಳೆತಕ್ಕೆ ಎದುರಾಗಿ ಗಾಳಿ ಬೀಸುತ್ತಿದ್ದರೆ ಅಲೆಗಳು ಕಡಿದಾಗಿ ಏಳುತ್ತವೆ. ಹೊರಗೇ ಕಾಯಿ, ಆತುರ ಬೇಡ.

ನೋಡು, ಉಪದೇಶ ಮಾಡುವುದಿಲ್ಲವೆಂದುಕೊಂಡೇ ಬರೆಯಲು ಕುಳಿತಿದ್ದೆ.

ಶನಿವಾರ ರಾತ್ರಿಯೊಳಗೆ ಎಲ್ಲಿಗೆ ಹೋಗುತ್ತೀರಿ, ಯಾವ ದಿಕ್ಕಿನಿಂದ, ದೋಣಿಯ ಬಣ್ಣವೇನು, ಎಷ್ಟು ಗಂಟೆಗೆ ಮರಳುತ್ತೀರಿ ಎಂಬುದನ್ನು ಬರೆದು ಕಳುಹಿಸು. ಲಂಗರಿನ ಹಗ್ಗ ಮುಂದಿನ ಗೂಟಕ್ಕೆ ಕಟ್ಟಿರುವ ಫೋಟೊ ಕೂಡ. ಹೇಳಿದ ಹೊತ್ತಿಗೆ ಒಂದು ಗಂಟೆ ಮೀರಿದರೆ ನಾನು ಕರಾವಳಿ ಕಾವಲು ಪಡೆಗೆ ಫೋನ್ ಮಾಡುವವಳೇ. ಗೆಳತಿಯ ಮುಂದೆ ಮರ್ಯಾದೆ ಹೋಯಿತೆಂದು ಆಮೇಲೆ ನನ್ನ ಮೇಲೆ ಮುನಿಸಿಕೊಳ್ಳಬೇಡ.

ನಿನ್ನ ಅಮ್ಮ