ತಿಮ್ಮಯ್ಯನವರ ರಾಜೀನಾಮೆ ಬಗ್ಗೆ ಕೇಳಿದ್ದೆಯಲ್ಲ

ಪ್ರೀತಿಯ ಗೆಳೆಯಾ,

ಸೇನಾ ಮುಖ್ಯಸ್ಥರಾಗಿದ್ದ ಜನರಲ್ ತಿಮ್ಮಯ್ಯ 1959ರಲ್ಲಿ ಕೊಟ್ಟ ರಾಜೀನಾಮೆ ವಾಪಸ್ ತಗೊಂಡಿದ್ದು ಸರಿಯಾ ಅಂತ ಕೇಳಿದ್ದೆ. ನನ್ನ ಮಟ್ಟಿಗೆ, ಕೊಟ್ಟಿದ್ದಕ್ಕಿಂತ ವಾಪಸ್ ಪಡೆದದ್ದೇ ಜಾಸ್ತಿ ನಷ್ಟ ಮಾಡಿತು. ಆದರೆ ಆ ಮನುಷ್ಯನನ್ನು ಅದೊಂದರಿಂದಲೇ ಅಳೆಯಬೇಡ ಮಾರಾಯಾ.

ಮೊದಲು ಜೋಜಿ ಲಾ ನೋಡು. ಕಾಶ್ಮೀರಕ್ಕಾಗಿ ಪಾಕಿಸ್ತಾನದ ಜೊತೆ ನಡೆದ ಯುದ್ಧದಲ್ಲಿ, 1948ರಲ್ಲಿ, ಲೇಹ್‌ಗೆ ಹೋಗುವ ದಾರಿಯ ಆ ಕಣಿವೆ ಶತ್ರುಗಳ ಕೈಯಲ್ಲಿತ್ತು. ಕಾಲಾಳುಗಳು ಏರಿ ಹೋದರೂ ದಾಳಿ ಫಲಿಸಿರಲಿಲ್ಲ. 11,000 ಅಡಿಗೂ ಮೇಲೆ ಟ್ಯಾಂಕ್ ಬರುತ್ತದೆ ಅಂತ ಯಾರು ಎಣಿಸುತ್ತಾರೆ? 7ನೇ ಲೈಟ್ ಕ್ಯಾವಲ್ರಿಯ ಸ್ಟುವರ್ಟ್ ಟ್ಯಾಂಕುಗಳ ಗೋಪುರ ಬಿಚ್ಚಿ, ಮರೆಮಾಚಿ, ಗುಟ್ಟಾಗಿ ಸಾಗಿಸಿದರು. ಇಂಜಿನಿಯರುಗಳು ಬೆಟ್ಟ ಕಡಿದು ದಾರಿ ಮಾಡಿದರು. ನವೆಂಬರ್ 1ರಂದು ಹಿಮ ಬೀಳುತ್ತಿದ್ದಾಗಲೇ ಟ್ಯಾಂಕುಗಳು ನುಗ್ಗಿದವು. ಡಿವಿಷನ್ನಿನ ಮುಖ್ಯಸ್ಥ ಮೇಜರ್ ಜನರಲ್ ತಿಮ್ಮಯ್ಯ ಕೂತಿದ್ದು ಮುಂದಿನ ಟ್ಯಾಂಕಿನಲ್ಲೇ! ಅದೇ ತಿಂಗಳು ದ್ರಾಸ್, ಕಾರ್ಗಿಲ್ ಎರಡೂ ನಮ್ಮ ಕೈಗೆ ಬಂದವು. ಜವಾನರು ಅವರನ್ನು ಯಾಕೆ ಅಷ್ಟು ಹಚ್ಚಿಕೊಂಡಿದ್ದರು ಅನ್ನೋದು ಇಲ್ಲೇ ಗೊತ್ತಾಗುತ್ತೆ, ಅಲ್ವಾ?

ಆಮೇಲೆ ಕೊರಿಯಾ. ಊರಿಗೆ ಮರಳಲು ಒಪ್ಪದ 22,000ಕ್ಕೂ ಹೆಚ್ಚು ಯುದ್ಧಕೈದಿಗಳ ಪಂಚಾಯಿತಿಗೆ ಕೂತ ಆಯೋಗಕ್ಕೆ ಇವರೇ ಅಧ್ಯಕ್ಷರು. ಎರಡೂ ಕಡೆಯವರ ಬೈಗುಳ ಗ್ಯಾರಂಟಿ ಇದ್ದ ಕೆಲಸ.

ಈಗ 1959. ಬಡ್ತಿಯಂಥ ವಿಷಯಗಳಲ್ಲಿ ರಕ್ಷಣಾ ಸಚಿವ ಕೃಷ್ಣ ಮೆನನ್ ಕೈಹಾಕುತ್ತಿದ್ದುದು ಸೇನಾ ಮುಖ್ಯಸ್ಥರಿಗೆ ಸಹಿಸಲಾಗಲಿಲ್ಲ. ಆಗಸ್ಟ್ ಕೊನೆಗೆ ರಾಜೀನಾಮೆ ಬರೆದರು. ನೆಹರೂ ಕರೆದು ಮಾತಾಡಿದರು, ಇವರು ಒಪ್ಪಿಕೊಂಡರು. ಅಷ್ಟರಲ್ಲಿ ಸುದ್ದಿ ಹೊರಬಿತ್ತು. ಪಾರ್ಲಿಮೆಂಟಿನಲ್ಲಿ ನೆಹರೂ ನಿಂತದ್ದು ಮೆನನ್ ಪರವಾಗಿ. ಸರ್ಕಾರದ ಮಾತೇ ಸೇನೆಗಿಂತ ಮೇಲು ಅನ್ನೋದು ಸರಿಯೇ, ನಾನೂ ಒಪ್ಪುತ್ತೇನೆ. ಆದರೆ ಸಮಾಧಾನ ಮಾಡಿ ಉಳಿಸಿಕೊಂಡವರನ್ನು ಹಾಗೆ ಕೈಬಿಡಬಾರದಿತ್ತು. ಮುಂದೆ 1961ರ ಮೇ ತನಕ ಅವರು ಕುರ್ಚಿಯಲ್ಲಿದ್ದರು, ಮಾತಿಗೆ ಮಾತ್ರ ಮೊದಲಿನ ತೂಕ ಉಳಿದಿರಲಿಲ್ಲ. ಹಟ ಹಿಡಿದು ಹೊರಬಂದಿದ್ದರೆ ಚೀನಾ ಎದುರಿನ 62ರ ಸೋಲು ತಪ್ಪುತ್ತಿತ್ತಾ? ಹಾಗೆ ಹೇಳೋಕೆ ನನಗೆ ಧೈರ್ಯವಿಲ್ಲ. ಸೈನ್ಯದ ಕಷ್ಟ ಏನೆಂದು ಜನ ಮೂರು ವರ್ಷ ಮೊದಲೇ ಕೇಳುತ್ತಿದ್ದರು, ಅಷ್ಟಂತೂ ಖಂಡಿತ.

ನಿವೃತ್ತಿಯಾದ ಮೇಲೂ ಸುಮ್ನೆ ಕೂರಲಿಲ್ಲ ನೋಡು. ಸೈಪ್ರಸ್‌ನಲ್ಲಿ ವಿಶ್ವಸಂಸ್ಥೆಯ ಪಡೆ ನಡೆಸುತ್ತಲೇ 1965ರ ಡಿಸೆಂಬರಿನಲ್ಲಿ ತೀರಿಕೊಂಡರು. ಆ ದೇಶ ಅವರ ಹೆಸರಲ್ಲಿ ಅಂಚೆಚೀಟಿ ತಂದಿತು.

ಮಡಿಕೇರಿಯ ಅವರ ಮನೆ ‘ಸನ್ನಿಸೈಡ್’ 2021ರಿಂದ ಮ್ಯೂಸಿಯಂ ಆಗಿದೆ. ರಜೆಗೆ ಬಂದಾಗ ಹೋಗೋಣ, ಮಕ್ಕಳನ್ನೂ ಕರಕೊಂಡು ಬಾ. ರಾಜೀನಾಮೆ ಜಗಳ ಅಲ್ಲೇ ಮುಂದುವರಿಸೋಣ.

ನಿನ್ನ ಗೆಳೆಯ